ಗಂಟೆ ಬಾರಿಸುವ ಮುನ್ನ: ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಕಾಯುವ ಹೊತ್ತು ಮತ್ತು ಅಳುಕಿನ ನಿರ್ವಹಣೆ

ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಹಿರಿಯರ ಪಂದ್ಯವೆಂದರೆ ತಲಾ 3 ನಿಮಿಷದ 3 ರೌಂಡು, ನಡುವೆ ಎರಡು ಸಲ ಒಂದೊಂದು ನಿಮಿಷದ ವಿರಾಮ. ಎಲ್ಲ ಸೇರಿ 11 ನಿಮಿಷ. ಅದಕ್ಕಾಗಿ ಬಾಕ್ಸರ್ ಬೆಳಿಗ್ಗೆ ತೂಕ ಕೊಟ್ಟು, ವೈದ್ಯರ ಮುಂದೆ ನಿಂತು, ಎದುರಾಳಿಯ ಹೆಸರನ್ನು ಪಟ್ಟಿಯಲ್ಲಿ ನೋಡಿಕೊಂಡು, ಒಮ್ಮೊಮ್ಮೆ ಸಂಜೆಯವರೆಗೂ ಕಾಯಬೇಕು. ಪಂದ್ಯದ ಮುಂಚಿನ ಅಳುಕನ್ನು ಕುರಿತ ಚರ್ಚೆಗಳಲ್ಲಿ ಬೀಳಲಿರುವ ಪೆಟ್ಟಿಗೇ ಮೊದಲ ಸ್ಥಾನ ಸಿಗುತ್ತದೆ. ಕಾಯುವ ಹೊತ್ತಿನ ಕಡೆ ಗಮನ ಹರಿಯುವುದು ಕಡಿಮೆ. ಹವ್ಯಾಸಿ ಬಾಕ್ಸರ್ ಸೋಲುವ ಎಷ್ಟೋ ಪಂದ್ಯಗಳು ಈ ಕಾಯುವ ಹೊತ್ತಿನಲ್ಲೇ ಕೈಜಾರಿರುತ್ತವೆ ಎಂಬುದು, ಆದ್ದರಿಂದ ಭಯವನ್ನು ಓಡಿಸುವ ಪ್ರಯತ್ನಕ್ಕಿಂತ ಕಾಯುವಿಕೆಯನ್ನು ಕಟ್ಟಿಕೊಳ್ಳುವ ಕ್ರಮವೇ ಹೆಚ್ಚು ಫಲ ಕೊಡುತ್ತದೆ ಎಂಬುದು ಈ ಲೇಖನದ ವಾದ.

ಈ ವಾದಕ್ಕೆ ಬೇಕಾದ ಮೊದಲ ಸಾಕ್ಷ್ಯ ಸಿಗುವುದು ಬಾಕ್ಸಿಂಗ್‌ನ ಹೊರಗೆ. ಹಾರ್ವರ್ಡ್‌ನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಮತ್ತು ಅವರ ಸಹವರ್ತಿಗಳು 1913ರಲ್ಲಿ ಆ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಋತುವಿನ ಕೊನೆಯ, ಅತ್ಯಂತ ರೋಚಕ ಪಂದ್ಯ ಮುಗಿದ ಕೂಡಲೇ 25 ಆಟಗಾರರ ಮೂತ್ರ ಪರೀಕ್ಷಿಸಿದರು. 12 ಮಂದಿಯಲ್ಲಿ ಸಕ್ಕರೆ ಕಂಡುಬಂತು. ಆ ಹನ್ನೆರಡರಲ್ಲಿ ಐವರು ಮೈದಾನಕ್ಕೆ ಇಳಿದವರೇ ಅಲ್ಲ. ಬದಲಿ ಆಟಗಾರರಾಗಿ ಬೆಂಚಿನ ಮೇಲೆ ಕುಳಿತಿದ್ದವರು. 1915ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಕ್ಯಾನನ್ ಇದನ್ನು ದಾಖಲಿಸಿದ್ದಾರೆ. ಹೋರಾಟಕ್ಕೆಂದು ಅಡ್ರಿನಲಿನ್ ಸುರಿದು, ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಟ್ಟಿತ್ತು. ಓಡಿದವರ ಸ್ನಾಯುಗಳಿಗೆ ಅದನ್ನು ಖರ್ಚು ಮಾಡುವ ಅವಕಾಶವಿತ್ತು. ಬೆಂಚಿನ ಮೇಲಿದ್ದವರಿಗೆ ಅದೂ ಇರಲಿಲ್ಲ. ತನ್ನ ಪಂದ್ಯದ ಸಂಖ್ಯೆ ಕರೆಯುವುದನ್ನು ಕಾಯುತ್ತಾ ಕುಳಿತ ಬಾಕ್ಸರ್ ಗಂಟೆಗಟ್ಟಲೆ ಇರುವುದು ಆ ಐವರ ಸ್ಥಿತಿಯಲ್ಲೇ. ಎರಡನೇ ರೌಂಡಿಗೆ ಬರುವಷ್ಟರಲ್ಲಿ ತೋಳು ಸೀಸದಂತೆ ಭಾರವಾಯಿತೆಂದು ಹೊಸಬರು ಹೇಳುವುದಕ್ಕೆ ತರಬೇತಿಯ ಕೊರತೆಯೊಂದನ್ನೇ ಕಾರಣ ಮಾಡುವುದು ಸರಿಯಲ್ಲ. ಮಧ್ಯಾಹ್ನವೆಲ್ಲ ಭುಜ ಬಿಗಿದು, ಮುಷ್ಟಿ ಹಿಡಿದು, ಉಸಿರು ಕಟ್ಟಿ ಕುಳಿತವರು ದಣಿದೇ ರಿಂಗ್ ಹತ್ತುತ್ತಾರೆ.

ಹೊಟ್ಟೆಯ ವಿಷಯದಲ್ಲೂ ಕ್ಯಾನನ್ ನೆರವಿಗೆ ಬರುತ್ತಾರೆ. ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ ಅವರು ಎಕ್ಸ್‌-ರೇ ಮೂಲಕ ಬೆಕ್ಕುಗಳ ಜಠರದ ಚಲನೆಯನ್ನು ಗಮನಿಸುತ್ತಿದ್ದರು. ಬೆಕ್ಕು ಕಿರಿಕಿರಿಗೊಂಡ ಕ್ಷಣ ಆ ಚಲನೆ ನಿಂತುಬಿಡುತ್ತಿತ್ತು. ಬಾಕ್ಸರ್‌ಗಳ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತೂಕದ ಮಿತಿಗೆ ಇಳಿಯಲು ಹಿಂದಿನ ದಿನ ಊಟ, ನೀರು ಎರಡನ್ನೂ ಕಡಿಮೆ ಮಾಡಿದವರು ತೂಕ ಕೊಟ್ಟ ಕೂಡಲೇ ಹಸಿವಿನಿಂದ ಗಬಗಬ ತಿನ್ನುತ್ತಾರೆ. ಅಳುಕಿನಿಂದ ಬಿಗಿದ ಜಠರದಲ್ಲಿ ಆ ಊಟ ಕರಗದೆ ಕೂರುತ್ತದೆ. ಆಮೇಲೆ ಬರುವ ಹೊಟ್ಟೆ ತೊಳಸನ್ನು ಅವರು ಭಯದ ಲೆಕ್ಕಕ್ಕೆ ಬರೆಯುತ್ತಾರೆ. ನೀರು ಕಡಿಮೆಯಾದ ಮೈಯಲ್ಲಿ ಎದೆಬಡಿತ ಏರುತ್ತದೆ, ಬಾಯಿ ಒಣಗುತ್ತದೆ. ಭಯದ ಗುರುತುಗಳೂ ಇವೇ. ಹಾಗಾಗಿ ನೀರಡಿಕೆಯನ್ನೇ ಪುಕ್ಕಲುತನವೆಂದು ಓದಿಕೊಳ್ಳುವ ಅಪಾಯ ಈ ಕ್ರೀಡೆಯಲ್ಲಿ ಬೇರೆಡೆಗಿಂತ ಹೆಚ್ಚು. ತೂಕ ಇಳಿಸುವ ಅವೈಜ್ಞಾನಿಕ ಪದ್ಧತಿಯನ್ನು ಬಿಡಿಸದೆ ಮನಸ್ಸನ್ನು ಗಟ್ಟಿ ಮಾಡಿಕೊ ಎಂದು ಹುಡುಗರಿಗೆ ಬೋಧಿಸುವುದು ನ್ಯಾಯವಲ್ಲ.

ಮೈಯ ಗುರುತುಗಳನ್ನು ತಪ್ಪಾಗಿ ಓದುವವರಲ್ಲಿ ಅನುಭವಿಗಳೂ ಇದ್ದಾರೆ. 1964ರ ಫೆಬ್ರುವರಿಯಲ್ಲಿ ಸನ್ನಿ ಲಿಸ್ಟನ್ ಎದುರಿನ ಪಂದ್ಯಕ್ಕೆ ತೂಕ ಕೊಡಲು ಬಂದ ಕ್ಯಾಷಿಯಸ್ ಕ್ಲೇ, ಮುಂದೆ ಮುಹಮ್ಮದ್ ಅಲಿ ಎಂದು ಹೆಸರಾದವರು, ಕೂಗಾಡಿದರು. ಸಾಮಾನ್ಯವಾಗಿ ನಿಮಿಷಕ್ಕೆ 54 ಇರುತ್ತಿದ್ದ ನಾಡಿಬಡಿತ 120ರ ಆಸುಪಾಸು ಮುಟ್ಟಿತ್ತು. ಕ್ಲೇ ಹೆದರಿದ್ದಾರೆಂದು ವೈದ್ಯರು ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದಾಗ ನಾಡಿ ಇಳಿದಿತ್ತು, ರಾತ್ರಿ ಕ್ಲೇ ವಿಶ್ವ ಚಾಂಪಿಯನ್ ಆದರು. ಅದು ವೃತ್ತಿಪರ ಪಂದ್ಯ, ನಿಜ. ಆದರೆ ನಾಡಿಯ ಸಂಖ್ಯೆಯೊಂದರಿಂದಲೇ ಒಳಗಿನ ಸ್ಥಿತಿಯನ್ನು ತೀರ್ಮಾನಿಸಲಾಗದು ಎಂಬುದು ಹವ್ಯಾಸಿಗಳಿಗೂ ಅನ್ವಯಿಸುತ್ತದೆ.

ಕ್ರೀಡಾ ಮನೋವಿಜ್ಞಾನಿ ರೈನರ್ ಮಾರ್ಟೆನ್ಸ್ ಮತ್ತು ಸಂಗಡಿಗರು 1990ರ ಹೊತ್ತಿಗೆ ಸ್ಪರ್ಧೆಯ ಆತಂಕವನ್ನು ಮೈಯ ಆತಂಕ, ಮನಸ್ಸಿನ ಆತಂಕ ಎಂದು ಎರಡಾಗಿ ಬೇರ್ಪಡಿಸಿ ಅಳೆದದ್ದು ನಮ್ಮ ಚರ್ಚೆಗೆ ತುಂಬ ಮುಖ್ಯ. ಕೈಕಾಲಿನ ನಡುಕ, ಬೆವರು, ಎದೆಯ ಡವಡವ ಸ್ಪರ್ಧೆ ಹತ್ತಿರವಾದಂತೆ ಏರಿ, ಆಟ ಶುರುವಾದ ಮೇಲೆ ಇಳಿಯುತ್ತವೆ. ‘ಸೋತರೆ ಏನು ಗತಿ’ ಎಂಬ ಯೋಚನೆ ಹಾಗಲ್ಲ. ಅದು ದಿನಗಳ ಮುಂಚೆಯೇ ಬಂದು ನೆಲೆ ನಿಂತು, ಗಂಟೆ ಬಾರಿಸಿದ ಮೇಲೂ ಉಳಿಯಬಹುದು. ಮೊದಲ ಪೆಟ್ಟು ಬಿದ್ದೊಡನೆ ಎಲ್ಲ ಸರಿಹೋಗುತ್ತದೆ ಎಂದು ಹಿರಿಯ ಬಾಕ್ಸರ್‌ಗಳು ಕಿರಿಯರಿಗೆ ಹೇಳುವ ಮಾತು ಮೊದಲನೆಯದಕ್ಕೆ ಪೂರ್ತಿ ನಿಜ, ಎರಡನೆಯದಕ್ಕೆ ಅರ್ಧ ನಿಜ.

ಈ ಎರಡನೆಯದರ ರೂಪ ಕಣ್ಣಿಗೆ ಕಾಣುವಂತೆ ಉಳಿದಿರುವುದು 1982ರ ಒಂದು ಚಿತ್ರೀಕರಣದಲ್ಲಿ. ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ರಾಷ್ಟ್ರೀಯ ಜೂನಿಯರ್ ಒಲಿಂಪಿಕ್ಸ್. ಹಿಂದಿನ ವರ್ಷದ ಚಾಂಪಿಯನ್, ಹದಿಹರೆಯದ ಮೈಕ್ ಟೈಸನ್ ಪಂದ್ಯದ ಸಭಾಂಗಣದ ಹೊರಗೆ ತರಬೇತುದಾರ ಟೆಡ್ಡಿ ಅಟ್ಲಾಸ್ ಭುಜಕ್ಕೆ ಒರಗಿ ಅಳುತ್ತಿದ್ದಾರೆ. ವಯಸ್ಸಿಗೆ ಮೀರಿದ ಮೈಕಟ್ಟಿನ, ಎದುರಾಳಿಗಳೇ ಹೆಸರು ಕೇಳಿ ಹೆದರುತ್ತಿದ್ದ ಹುಡುಗ. ಅವರ ಬಿಕ್ಕಿನ ನಡುವೆ ಕೇಳಿಬರುವ ಮಾತಿನಲ್ಲಿ ಪೆಟ್ಟಿನ ಸುದ್ದಿಯಿಲ್ಲ. ತಾನು ಎಲ್ಲಿಂದ ಎಲ್ಲಿಗೆ ಬಂದೆ, ಈಗ ಎಲ್ಲರಿಗೂ ತಾನು ಬೇಕಾದವನು ಎಂಬ ಅರ್ಥದ ಮಾತಿದೆ. ಸೋತರೆ ಕಳೆದುಕೊಳ್ಳುವುದು ಆ ಪ್ರೀತಿಯನ್ನು. ಅಟ್ಲಾಸ್ ಗದರಿಸುವುದಿಲ್ಲ, ಹೆದರಬೇಡ ಎಂದು ಉಪದೇಶಿಸುವುದೂ ಇಲ್ಲ. ತಬ್ಬಿಕೊಂಡು, ಇದನ್ನು ಹಿಂದೆಯೂ ಎಷ್ಟೋ ಸಲ ಮಾಡಿದ್ದೀಯ ಎಂದು ಮೆಲುದನಿಯಲ್ಲಿ ನೆನಪಿಸುತ್ತಾರೆ. ಟೈಸನ್ ಒಳಗೆ ಹೋಗಿ ಗೆದ್ದರು. ಸಾಮರ್ಥ್ಯ ಬೆಳೆದಂತೆ ಅಳುಕು ತಾನಾಗಿ ಕರಗುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಗಟ್ಟಿಯಾದ ವಿರುದ್ಧ ಸಾಕ್ಷ್ಯ ನನಗೆ ಕಂಡಿಲ್ಲ. ಗೆಲ್ಲಲೇಬೇಕಾದವರಿಗೇ ಕಳೆದುಕೊಳ್ಳುವುದು ಹೆಚ್ಚು.

ಟೈಸನ್ ಮತ್ತು ಅಟ್ಲಾಸ್ ಇಬ್ಬರಿಗೂ ಗುರುವಾಗಿದ್ದ ಕಸ್ ಡಮಾಟೊ ಭಯವನ್ನು ಬೆಂಕಿಗೆ ಹೋಲಿಸುತ್ತಿದ್ದರು: ಹತೋಟಿಯಲ್ಲಿದ್ದರೆ ಅಡುಗೆಗೂ ಚಳಿಗೂ ಒದಗುತ್ತದೆ, ತಪ್ಪಿದರೆ ಸುಡುತ್ತದೆ. ವೀರನಿಗೂ ಹೇಡಿಗೂ ಒಳಗೆ ಆಗುವುದು ಒಂದೇ, ಮಾಡುವುದು ಬೇರೆ ಎಂಬುದು ಅವರ ಬೋಧನೆಯ ತಿರುಳು. 2014ರಲ್ಲಿ ಸಂಶೋಧಕಿ ಅಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಪ್ರಯೋಗಗಳು ಈ ದಿಕ್ಕಿಗೇ ಬೊಟ್ಟು ಮಾಡುತ್ತವೆ. ಹಾಡು, ಭಾಷಣ, ಗಣಿತ ಪರೀಕ್ಷೆಗಳ ಮುನ್ನ ಶಾಂತವಾಗಲು ಯತ್ನಿಸಿದವರಿಗಿಂತ, ತಾವು ಉತ್ಸಾಹದಲ್ಲಿದ್ದೇವೆಂದು ಹೇಳಿಕೊಂಡವರು ಚೆನ್ನಾಗಿ ನಿರ್ವಹಿಸಿದರು. ಬಡಿಯುವ ಎದೆಯನ್ನು ತಣ್ಣಗಾಗಿಸುವುದು ಕಷ್ಟ. ಆ ಬಡಿತಕ್ಕೆ ಬೇರೆ ಅರ್ಥ ಕೊಡುವುದು ಸುಲಭ. ಪ್ರಯೋಗಶಾಲೆಯ ಹಾಡಿಗೂ ಮುಖಕ್ಕೆ ಬೀಳುವ ಪೆಟ್ಟಿಗೂ ಅಂತರವಿದೆ ಎಂಬುದನ್ನು ಮರೆಯದೆ ಈ ಫಲಿತಾಂಶವನ್ನು ಬಳಸಬೇಕು.

ಇನ್ನು ಕಾಯುವ ಹೊತ್ತಿನ ಕಟ್ಟುವಿಕೆ. ದೊಡ್ಡ ಕೂಟವೆಂದರೆ ದಿನಕ್ಕೊಂದು ತೂಕ, ದಿನಕ್ಕೊಂದು ಕಾಯುವಿಕೆ. 2021ರ ಸೆಪ್ಟೆಂಬರ್‌ನಲ್ಲಿ ನಮ್ಮ ಬಳ್ಳಾರಿ ಸೀಮೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ಹೀಗೆ ದಿನಗಟ್ಟಲೆ. ಇಂಥ ಕಡೆ ಗಡಿಯಾರವನ್ನು ನಂಬುವಂತಿಲ್ಲ. ಮುಂದಿನ ಎರಡು ಪಂದ್ಯಗಳನ್ನು ರೆಫ್ರಿ ಮೊದಲ ರೌಂಡಿನಲ್ಲೇ ನಿಲ್ಲಿಸಿದರೆ ನಮ್ಮ ಸರದಿ ಹದಿನೈದು ಇಪ್ಪತ್ತು ನಿಮಿಷ ಮುಂಚೆಯೇ ಬಂದುಬಿಡುತ್ತದೆ. ಆದ್ದರಿಂದ ತಯಾರಿಯನ್ನು ಹೊತ್ತಿಗೆ ಕಟ್ಟದೆ ಪಂದ್ಯದ ಸಂಖ್ಯೆಗೆ ಕಟ್ಟಬೇಕು: ತನ್ನದು 14ನೇ ಪಂದ್ಯವಾದರೆ 8ನೆಯದರವರೆಗೆ ರಿಂಗ್ ಕಾಣದ ಕಡೆ ಕಾಲು ಚಾಚಿ ಮಲಗುವುದು, ಆಮೇಲೆ ಕೈಪಟ್ಟಿ, 11ರಿಂದ ಮೈ ಕಾಯಿಸುವುದು.

ಕೈಪಟ್ಟಿ ಸುತ್ತುವ ಹೊತ್ತನ್ನು ಹತ್ತಿರದಿಂದ ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಹೆಬ್ಬೆರಳಿಗೆ ಕುಣಿಕೆ ಹಾಕಿ, ಮಣಿಕಟ್ಟಿಗೆ ಸುತ್ತಿ, ಬೆರಳುಗಳನ್ನು ಅಗಲಿಸಿಟ್ಟು ಗೆಣ್ಣುಗಳ ಮೇಲೆ ಹಾಯಿಸಿ, ಬೆರಳ ಸಂದುಗಳಲ್ಲಿ ತೂರಿಸಿ, ಮತ್ತೆ ಮಣಿಕಟ್ಟಿಗೆ ತಂದು ಮುಗಿಸಬೇಕು. ಬಿಗಿ ಹೆಚ್ಚಾದರೆ ಬೆರಳು ಜೋಮು ಹಿಡಿಯುತ್ತದೆ, ಸಡಿಲವಾದರೆ ಗೆಣ್ಣು ಉಳಿಯುವುದಿಲ್ಲ. ಮುಷ್ಟಿ ಹಿಡಿದು ಬಿಟ್ಟು ನೋಡು ಎಂದು ಕೋಚ್ ಹೇಳುತ್ತಾರೆ. ಇಷ್ಟು ಸೂಕ್ಷ್ಮವಾದ ಕೆಲಸದ ಮೇಲೆ ಕಣ್ಣಿಟ್ಟಿರುವಾಗ ಸೋಲುಗೆಲುವಿನ ಲೆಕ್ಕಕ್ಕೆ ಮನಸ್ಸಿನಲ್ಲಿ ಜಾಗ ಕಡಿಮೆ. ಕೋಚ್ ಕೈ ತನ್ನ ಕೈಯನ್ನು ಹಿಡಿದಿದೆ ಎಂಬುದೂ ಸಣ್ಣ ಸಮಾಧಾನವಲ್ಲ. ಇದನ್ನು ಗಡಿಬಿಡಿಯಲ್ಲಿ ಮುಗಿಸುವ ತಂಡಗಳು ಕೈಗೆ ಬಂದ ಔಷಧಿಯನ್ನು ಚೆಲ್ಲುತ್ತಿವೆ.

ಮೈ ಕಾಯಿಸುವಾಗ ಬೆವರು ಬರಬೇಕು, ಏದುಸಿರು ಬರಬಾರದು. ಶ್ಯಾಡೋ ಬಾಕ್ಸಿಂಗ್, ಆಮೇಲೆ ಪ್ಯಾಡ್‌ಗೆ ಗೊತ್ತಿರುವ ನಾಲ್ಕಾರು ಹೊಡೆತ. ಹೊಸ ಪಾಠ ಆ ಹೊತ್ತಿಗೆ ಬೇಡ. ನಡುವೆ ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡುವ ನಿಧಾನದ ಉಸಿರು ನಾಡಿಯನ್ನು ತಗ್ಗಿಸುತ್ತದೆ. ಗಂಟೆ ಬಾರಿಸಿದ ಮೇಲೂ ಪ್ರತಿ ಹೊಡೆತಕ್ಕೊಂದು ಉಸಿರು ಹೊರಬಿಡುವುದು ಇದರ ಮುಂದುವರಿಕೆಯೇ.

ಇಲ್ಲಿ ಒಂದು ತಕರಾರು ಎತ್ತಲೇಬೇಕು. ಉದ್ರೇಕ ಮಧ್ಯಮವಾಗಿದ್ದರೆ ಸಾಧನೆ ಅತ್ಯುತ್ತಮ ಎಂದು ತೋರಿಸುವ ತಲೆಕೆಳಗಾದ ‘ಯು’ ಆಕಾರದ ರೇಖೆಯನ್ನು ತರಬೇತಿ ಪುಸ್ತಕಗಳು ನಿಯಮವೆಂಬಂತೆ ಅಚ್ಚು ಹಾಕುತ್ತಲೇ ಇವೆ. ಅದರ ಬೇರು 1908ರಲ್ಲಿ ಯರ್ಕಿಸ್ ಮತ್ತು ಡಾಡ್ಸನ್ ಇಲಿಗಳಿಗೆ ವಿದ್ಯುತ್ ಆಘಾತ ಕೊಟ್ಟು ನಡೆಸಿದ ಕಲಿಕೆಯ ಪ್ರಯೋಗದಲ್ಲಿದೆ. ಅದನ್ನು ಎಲ್ಲ ಬಾಕ್ಸರ್‌ಗಳ ಅಳತೆಗೋಲಾಗಿಸುವುದು ಒಪ್ಪತಕ್ಕದ್ದಲ್ಲ. ಕ್ರೀಡಾ ಮನೋವಿಜ್ಞಾನಿ ಯೂರಿ ಹನಿನ್ ಮಂಡಿಸಿದ ವಾದ ಹೆಚ್ಚು ವಾಸ್ತವ: ಪ್ರತಿಯೊಬ್ಬ ಕ್ರೀಡಾಪಟುವಿಗೂ ತನ್ನದೇ ಆದ ಒಂದು ಸೂಕ್ತ ವಲಯವಿದೆ, ಒಬ್ಬರಿಗೆ ಅದು ಬಹಳ ಕೆಳಗೆ, ಇನ್ನೊಬ್ಬರಿಗೆ ಬಹಳ ಮೇಲೆ. ಬಾಕ್ಸರ್ ಚೆನ್ನಾಗಿ ಆಡಿದ ದಿನ ಪಂದ್ಯದ ಮುಂಚೆ ಹೇಗಿದ್ದರು, ಮಾತಾಡುತ್ತಿದ್ದರೋ ಸುಮ್ಮನಿದ್ದರೋ, ತಿಂದದ್ದೇನು ಎಂದು ಕೋಚ್ ಬರೆದಿಡುವ ಒಂದು ನೋಟ್‌ಬುಕ್ ಆ ಸಾರ್ವತ್ರಿಕ ರೇಖೆಗಿಂತ ಉಪಯುಕ್ತ. ಹಾಗೆ ಬರೆದಿಟ್ಟವರು ಸುಮ್ಮನೆ ಕೂರುವ ಹುಡುಗಿಯನ್ನು ಕೂಗಿ ಹುರಿದುಂಬಿಸಲು ಹೋಗುವುದಿಲ್ಲ.

ಎಲ್ಲ ಅಳುಕನ್ನೂ ನಿಭಾಯಿಸಬೇಕಾದದ್ದೆಂದು ಬಗೆಯುವುದೂ ತಪ್ಪು. ಅಭ್ಯಾಸದಲ್ಲಿ ತಲೆಗೆ ಬಲವಾದ ಪೆಟ್ಟು ಬಿದ್ದು ಇನ್ನೂ ತಲೆಸುತ್ತು ಹೋಗಿರದವರ, ತೂಕ ಇಳಿಸಲು ಹೋಗಿ ನಿಲ್ಲಲೂ ತ್ರಾಣವಿಲ್ಲದವರ, ಅನುಭವದಲ್ಲಿ ತೀರ ಮುಂದಿರುವ ಎದುರಾಳಿಯ ಮುಂದೆ ನಿಲ್ಲಿಸಲ್ಪಟ್ಟ ಹೊಸಬರ ಭಯ ಸುಳ್ಳು ಹೇಳುತ್ತಿಲ್ಲ. ಅದನ್ನು ಉತ್ಸಾಹವೆಂದು ಹೆಸರು ಬದಲಿಸಿ ರಿಂಗ್‌ಗೆ ಕಳಿಸುವುದು ಅಪರಾಧ. 2013ರಿಂದ ಹಿರಿಯ ಪುರುಷರ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ತಲೆಕವಚವೂ ಇಲ್ಲ. ಪಂದ್ಯಕ್ಕೆ ಮುನ್ನ ನಡೆಯುವ ವೈದ್ಯಕೀಯ ತಪಾಸಣೆಯಲ್ಲಿ ನಾಡಿ, ರಕ್ತದೊತ್ತಡಗಳ ಜೊತೆಗೆ ವೈದ್ಯರು ಏನಾದರೂ ಹೇಳುವುದಿದೆಯೇ ಎಂದು ಕೋಚ್ ಇಲ್ಲದ ಕಡೆ ಕೇಳಬೇಕು. ಹಾಗೆ ಹೇಳಿ ಹಿಂದೆ ಸರಿದವರ ಹೆಸರು ತಂಡದ ಮುಂದಿನ ಪಟ್ಟಿಯಿಂದ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಆಯ್ಕೆದಾರರ ಹೊಣೆ.