ನೆಟ್ಟವರ ಲೆಕ್ಕ ಇದೆ, ಸವರಿದವರದ್ದಿಲ್ಲ

ಮಾರ್ಚ್ ಬಂತೆಂದರೆ ಬೆಂಗಳೂರಿನ ಅರ್ಧ ಜನರ ಫೋನಿನಲ್ಲಿ ಗುಲಾಬಿ ಬಣ್ಣದ ತಬೂಬಿಯಾ ಮರದ ಫೋಟೋ ಇರುತ್ತೆ. ಕೆಳಗೆ ಯಾರಾದರೊಬ್ಬರು ತಪ್ಪದೇ ಕ್ರುಂಬಿಗಲ್ ಹೆಸರು ಬರೆದು ಕೈಮುಗಿದಿರುತ್ತಾರೆ. ಆ ಜರ್ಮನ್ ತೋಟಗಾರರಿಗೆ ಆ ಗೌರವ ಸಲ್ಲಬೇಕಾದ್ದೇ. ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ಹಾಗೆ ವರ್ಷವಿಡೀ ಊರಿನ ಒಂದಲ್ಲ ಒಂದು ಬೀದಿಯಲ್ಲಿ ಬಣ್ಣ ಇರಬೇಕು ಅನ್ನೋ ಯೋಚನೆ ಅವರದ್ದು. ಆದರೆ ಅವರು ಲಾಲ್‌ಬಾಗಿನ ಹುದ್ದೆಯಿಂದ ನಿವೃತ್ತರಾಗಿದ್ದು 1932ರಲ್ಲಿ, ತೀರಿಕೊಂಡಿದ್ದು 1956ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಬೀದಿಯ ಮರಗಳನ್ನು ಸಾಕಿದವರು ಯಾರು? ಒಣಕೊಂಬೆ ತೆಗೆದವರು, ಗಾಯ ನೋಡಿದವರು, ವಾಲಿದ್ದನ್ನು ಗುರುತಿಸಿದವರು ಯಾರು? ಈ ಪ್ರಶ್ನೆ ಇಟ್ಟುಕೊಂಡು ಬೆಂಗಳೂರಿನ ಬಡಾವಣೆಗಳ ಕಥೆಯನ್ನು ಓದಿದರೆ ಅದು ಬೇರೆಯೇ ಥರ ಕಾಣಿಸುತ್ತೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಾದ ಓಣಿಗಳಿಂದ ಜನ ಹೊರಗೆ ಹೋಗಲೇಬೇಕಾಯಿತು. ಮಲ್ಲೇಶ್ವರ ಮತ್ತು ಬಸವನಗುಡಿ ಬೆಳೆದದ್ದು ಆ ಹೊತ್ತಿನಲ್ಲಿ. ನೆಟ್ಟಗಿನ ರಸ್ತೆ, ಅದನ್ನು ಅಡ್ಡ ಹಾಯುವ ಕ್ರಾಸು, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ, ಮನೆಯ ಸುತ್ತ ಒಂದಿಷ್ಟು ಜಾಗ. ಗಾಳಿ ಬೆಳಕು ಅಂದರೆ ಆಗ ಅಲಂಕಾರದ ಮಾತಲ್ಲ, ಜೀವ ಉಳಿಯುವ ಮಾತು. ಮರವೂ ಹಾಗೆಯೇ. ಹಿತ್ತಲಿನ ತೆಂಗು, ಮಾವು, ಹಲಸು ಮನೆಯವರ ಪಾಲಿಗೆ ಸೇರಿದವು. ರಸ್ತೆಯಂಚಿನ ಸಾಲುಮರ ಊರಿನ ಪಾಲಿಗೆ ಸೇರಿತು.

ಆಗ ಲಾಲ್‌ಬಾಗಿನ ಉಸ್ತುವಾರಿ ಜಾನ್ ಕ್ಯಾಮರಾನ್ ಅವರದ್ದು. 1908ರಲ್ಲಿ ಅವರ ಜಾಗಕ್ಕೆ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಬಂದರು. ಡ್ರೆಸ್ಡನ್ ಕಡೆಯವರು, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದವರು, ಬರೋಡಾ ಮಹಾರಾಜರ ತೋಟಗಳನ್ನು ನೋಡಿಕೊಂಡು ಮೈಸೂರು ಸಂಸ್ಥಾನಕ್ಕೆ ಬಂದವರು. ಅವರ ಕಾಲದಲ್ಲಿ, ಆಮೇಲೂ, ಬೆಂಗಳೂರಿನ ಬೀದಿಗೆ ಹೊಂಗೆ, ಬೇವಿನ ಜೊತೆ ದೂರದೂರದ ಮರಗಳು ಸೇರಿಕೊಂಡವು. ಗುಲ್‌ಮೊಹರ್ ಮಡಗಾಸ್ಕರಿನದ್ದು. ಜಕರಂಡಾ, ತಬೂಬಿಯಾ, ಮಳೆಮರ ಅಮೆರಿಕ ಖಂಡದ ಬಿಸಿನಾಡಿನವು. ಮಕ್ಕಳು ಮೊಗ್ಗು ಹಿಚುಕಿ ನೀರು ಚಿಮ್ಮಿಸುವ ನೀರುಕಾಯಿ ಮರ ಆಫ್ರಿಕಾದ್ದು.

ಇವುಗಳಲ್ಲಿ ಎಷ್ಟೋ ಮರ ಬೇಗ ಬೆಳೆಯುತ್ತೆ, ಅಗಲಕ್ಕೆ ಹರಡುತ್ತೆ, ಹೂವೋ ನೆರಳೋ ಧಾರಾಳವಾಗಿ ಕೊಡುತ್ತೆ. ಗುಲ್‌ಮೊಹರ್ ಕೊಂಬೆ ಮಾತ್ರ ಪೆಡಸು, ಬೇರು ಮೇಲ್ಪದರದಲ್ಲೇ ಓಡಾಡುತ್ತೆ. ಮಳೆಮರದ ಒಂದೊಂದು ಕೊಂಬೆಯೂ ಇನ್ನೊಂದು ಮರದಷ್ಟು ದಪ್ಪ. ಅಂದರೆ ನೆಟ್ಟ ಮೇಲೂ ಕೈ ಬಿಡಲಾಗದ ಮರಗಳಿವು. ತೋಟಗಾರನ ಕಣ್ಣಳತೆಯಲ್ಲಿ ಇರುವವರೆಗೆ ತೊಂದರೆಯಿಲ್ಲ.

ಆಮೇಲೆ ಊರು ಆ ಕಣ್ಣಳತೆ ಮೀರಿ ಬೆಳೆಯಿತು. 1945ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು, ರಾಜಾಜಿಯವರ ಕೈಯಿಂದ. 1976ರಲ್ಲಿ ಬಿಡಿಎ ಹುಟ್ಟಿತು. ಸೈಟು, ರಸ್ತೆ, ಚರಂಡಿ, ಪಾರ್ಕು ಎಲ್ಲಕ್ಕೂ ನಕ್ಷೆ ಬಂತು. ಆದರೆ 1980ರ ದಶಕದ ಹೊತ್ತಿಗೆ ಹೊಸ ಬಡಾವಣೆಗಳು ಬೋಳುಬೋಳಾಗಿದ್ದವು. ಆಗ ಬಂದವರು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ. ಐದಾರು ವರ್ಷಗಳಲ್ಲಿ ಅವರ ಮುಂದಾಳತ್ವದಲ್ಲಿ ನಗರದಲ್ಲಿ ನೆಟ್ಟದ್ದು ಸುಮಾರು 15 ಲಕ್ಷ ಸಸಿ. ದನ ಬಾಯಿ ಹಾಕಲಾಗದಷ್ಟು ಎತ್ತರಕ್ಕೆ ಬೆಳೆದ ಸಸಿ, ಸುತ್ತ ಬೇಲಿ, ಎದುರುಮನೆಯವರ ಸಹಕಾರ. ಇವತ್ತು ನಾವು ಆಫೀಸ್ ಕ್ಯಾಬ್ ಕಾಯುತ್ತಾ ನಿಲ್ಲುವ ನೆರಳಿನಲ್ಲಿ ದೊಡ್ಡ ಪಾಲು ಅವರದ್ದು. ಫೋಟೋದ ಕೆಳಗೆ ಅವರ ಹೆಸರನ್ನು ಯಾರೂ ಬರೆಯೋದಿಲ್ಲ ಅನ್ನೋದು ಬೇರೆ ಮಾತು.

ಇದರಲ್ಲಿ ಗಮನಿಸಬೇಕಾದ್ದು ಏನಂದ್ರೆ, ಐದಾರು ವರ್ಷದಲ್ಲಿ ಒಟ್ಟಿಗೇ ನೆಟ್ಟ ಮರಗಳು ಒಟ್ಟಿಗೇ ವಯಸ್ಸಾಗುತ್ತವೆ. ಅವಕ್ಕೆಲ್ಲ ಈಗ ನಲವತ್ತು ದಾಟಿದೆ. ಹಳೆ ಬಡಾವಣೆಗಳ ಮರಗಳಿಗೆ ಅದಕ್ಕೂ ಹೆಚ್ಚು. ಈ ನಡುವೆ ಅವುಗಳ ಬುಡದಲ್ಲಿ ಎಷ್ಟು ಸಲ ಅಗೆದಿದ್ದೇವೆ ನೋಡಿ. ನೀರಿನ ಪೈಪು, ಒಳಚರಂಡಿ, ಕೇಬಲ್ಲು, ಈಗ ಬುಡಕ್ಕೇ ಒತ್ತಿಕೊಂಡ ಕಾಂಕ್ರೀಟು. ಮರದ ಬೇರುಗಳಲ್ಲಿ ಹೆಚ್ಚಿನ ಪಾಲು ನೆಲದ ಮೇಲಿನ ಎರಡು ಮೂರು ಅಡಿಯಲ್ಲೇ ಇರುತ್ತೆ, ಕೊಂಬೆಯ ಹರವಿಗಿಂತಲೂ ಆಚೆ ಚಾಚಿರುತ್ತೆ. ಫುಟ್‌ಪಾತಿಗಾಗಿ ಒಂದು ಬದಿಯ ಬೇರು ಕತ್ತರಿಸಿದ ಮರ ಕೂಡಲೇ ಬೀಳೋದಿಲ್ಲ. ಕೆಲವು ವರ್ಷ ಬಿಟ್ಟು, ಒಂದು ಮಳೆಯ ಸಂಜೆ ಬೀಳುತ್ತೆ. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ಅವತ್ತು ನೂರಕ್ಕೂ ಹೆಚ್ಚು ಮರ ಉರುಳಿದವು. ಎಲ್ಲರೂ ಗಾಳಿಮಳೆಯನ್ನು ಬೈದರು.

ಕಾನೂನಿನ ಕಥೆ ನೋಡೋಣ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂದದ್ದು 1976ರಲ್ಲಿ, ಬಿಡಿಎ ಹುಟ್ಟಿದ ವರ್ಷವೇ. ಮನೆಯಂಗಳದ ಮರವಾದರೂ ಸರಿ, ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಮರ ಸತ್ತಿದೆ, ರೋಗ ಬಿದ್ದಿದೆ, ಜೀವಕ್ಕೋ ಆಸ್ತಿಗೋ ಅಪಾಯವಿದೆ ಅಂತ ಕಾರಣ ಕೊಡಬೇಕು. ಒಳ್ಳೆಯ ಕಾಯ್ದೆ, ಎಷ್ಟೋ ಮರ ಉಳಿಸಿದೆ. ಆದರೆ ಅದರ ಗಮನವೆಲ್ಲ ಮರದ ಕೊನೆಯ ದಿನದ ಮೇಲೆ. ನೆಡುವ ದಿನ ವನಮಹೋತ್ಸವ ಇದೆ, ಕಡಿಯುವ ದಿನ ಕಡತ ಇದೆ. ನಡುವಿನ ಐವತ್ತು ವರ್ಷಕ್ಕೆ ಹೆಸರೂ ಇಲ್ಲ, ಪುಸ್ತಕವೂ ಇಲ್ಲ. ನಮ್ಮ ಕೆಲಸದ ಭಾಷೆಯಲ್ಲೇ ಹೇಳೋದಾದರೆ, ಗೋ-ಲೈವ್ ದಿನ ಕೇಕ್ ಕತ್ತರಿಸಿ ಸಪೋರ್ಟ್ ಟೀಮನ್ನೇ ಇಡದ ಪ್ರಾಜೆಕ್ಟು ಇದು.

ಕುತೂಹಲದ ಸಂಗತಿ ಅಂದ್ರೆ, ಮಲ್ಲೇಶ್ವರ ಬೆಳೆಯುತ್ತಿದ್ದ ಅದೇ ಹೊತ್ತಿಗೆ ಅಮೆರಿಕದಲ್ಲಿ ಮರ ಸಾಕುವುದೇ ಒಂದು ಕಸುಬಾಗಿ ರೂಪುಗೊಳ್ಳುತ್ತಿತ್ತು. ಇಂಗ್ಲೆಂಡಿನಿಂದ ಹೋಗಿ ಓಹಾಯೋದ ಕೆಂಟ್ ಊರಿನಲ್ಲಿ ನೆಲೆಸಿದ ಜಾನ್ ಡೇವಿ ಎಂಬ ತೋಟಗಾರ 1901ರಲ್ಲಿ 'ದಿ ಟ್ರೀ ಡಾಕ್ಟರ್' ಅನ್ನೋ ಪುಸ್ತಕ ತಂದರು. ಬೀದಿಮರಕ್ಕೂ ವೈದ್ಯ ಬೇಕು ಅನ್ನೋದು ಅವರ ವಾದ. 1924ರ ಹೊತ್ತಿಗೆ ಅಲ್ಲಿ ಈ ಕಸುಬಿನವರದ್ದೇ ಸಂಘ ಶುರುವಾಯಿತು. ಅದೇ ಇವತ್ತು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆ ನಡೆಸಿ ಆರ್ಬರಿಸ್ಟ್ ಅಂತ ಪ್ರಮಾಣಪತ್ರ ಕೊಡುತ್ತೆ.

ಆದರೂ ಆ ವೈದ್ಯರು ಬಹಳ ಕಾಲ ತಪ್ಪು ಔಷಧವನ್ನೇ ಕೊಡುತ್ತಿದ್ದರು. ಕೊಂಬೆಯನ್ನು ಕಾಂಡಕ್ಕೆ ಸವರಿದಂತೆ ನುಣ್ಣಗೆ ಕತ್ತರಿಸೋದು, ಗಾಯಕ್ಕೆ ಬಣ್ಣ ಬಳಿಯೋದು. ಅದನ್ನು ಬದಲಿಸಿದವರು ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ. ಅವರು ಸಾವಿರಾರು ಮರಗಳನ್ನು ಚೈನ್‌ಸಾದಲ್ಲಿ ಉದ್ದುದ್ದ ಸೀಳಿ ಒಳಗಿನ ಕೊಳೆತವನ್ನು ನೋಡಿದರು. 1977ರಲ್ಲಿ ಅವರು ಮುಂದಿಟ್ಟ ವಿವರಣೆ ಸರಳ: ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯೋದಿಲ್ಲ. ಮರ ಗಾಯದ ಸುತ್ತ ಗೋಡೆ ಕಟ್ಟಿ, ಕೊಳೆತವನ್ನು ಒಳಗೇ ಕೂಡಿಹಾಕಿ, ಮೇಲೆ ಹೊಸದಾಗಿ ಬೆಳೆಯುತ್ತೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂಥ ಉಬ್ಬು ಇರುತ್ತಲ್ಲ, ಗೋಡೆ ಕಟ್ಟುವ ಶಕ್ತಿ ಇರೋದು ಅಲ್ಲೇ. ಉಬ್ಬನ್ನು ಉಳಿಸಿ, ಅದರ ಅಂಚಿಗೆ ಕತ್ತರಿಸಬೇಕು. ಉಬ್ಬನ್ನೇ ತೆಗೆದರೆ ಕೊಳೆ ಕಾಂಡಕ್ಕೆ ಇಳಿಯುತ್ತೆ. ಉದ್ದನೆಯ ಮೋಟು ಬಿಟ್ಟರೆ ಆ ಮೋಟೇ ಕೊಳೆತಕ್ಕೆ ದಾರಿ. ತಲೆಯನ್ನೇ ಬೋಳಿಸಿದರೆ ಇನ್ನೂ ಅನಾಹುತ. ಮರ ಗಾಬರಿಬಿದ್ದು ಗೊಂಚಲುಗೊಂಚಲು ಚಿಗುರು ತಳ್ಳುತ್ತೆ. ನೋಡೋಕೆ ಹಸಿರು, ಆದರೆ ಆ ಚಿಗುರಿಗೆ ಕಾಂಡದ ಒಳಗಿನಿಂದ ಹಿಡಿತ ಇರೋದಿಲ್ಲ. ಅವು ದಪ್ಪವಾದಾಗ, ಕೆಳಗೆ ಕಾರು ನಿಂತಿದ್ದಾಗ, ಕಿತ್ತುಕೊಂಡು ಬೀಳುತ್ತವೆ.

ಶೈಗೋ ಹೇಳಿದ್ದರಲ್ಲಿ ಒಂದಿಷ್ಟು ಮಲೆನಾಡಿನವರಿಗೆ ಕೇಳಿದ ಹಾಗೇ ಇರುತ್ತೆ. ನಾನು ಬೆಳೆದದ್ದು ಅಡಿಕೆ ಸೀಮೆಯಲ್ಲಿ. ಅಲ್ಲಿ ತೋಟಕ್ಕೆ ಅಂಟಿಕೊಂಡು ಸೊಪ್ಪಿನ ಬೆಟ್ಟ ಇರುತ್ತೆ. ಅದರ ಮರಗಳ ಸೊಪ್ಪು ಸವರಿ ತಂದು ಕೊಟ್ಟಿಗೆಗೆ ಹಾಸಬೇಕು, ಅದೇ ಮುಂದೆ ತೋಟಕ್ಕೆ ಗೊಬ್ಬರ. ಬ್ರಿಟಿಷರ ಕಾಲದಿಂದಲೂ ಅರಣ್ಯ ಇಲಾಖೆಗೆ ಈ ಸೊಪ್ಪು ಕಡಿಯುವವರನ್ನು ಕಂಡರೆ ಅನುಮಾನ. ಸರಿಯಾಗಿ ನೋಡಿಕೊಂಡ ಬೆಟ್ಟ ಇದ್ದಂತೆ ಬರಗೆಟ್ಟ ಬೆಟ್ಟವೂ ಇತ್ತು, ಸುಳ್ಳಲ್ಲ. ಆದರೆ ಸೊಪ್ಪಿಗೆ ಹೊರಟಾಗ ನಮ್ಮಜ್ಜ ಹೇಳುತ್ತಿದ್ದ ಮಾತು ಎರಡೇ: "ಕುಡಿ ಮುಟ್ಟಬೇಡ. ಹೋದ ವರ್ಷ ಸವರಿದ ಮರಕ್ಕೆ ಈ ವರ್ಷ ಕತ್ತಿ ಹಾಕಬೇಡ." ಮುಂದಿನ ವರ್ಷವೂ ಸೊಪ್ಪು ಬೇಕು ಅನ್ನುವವನು ಮರವನ್ನು ಕೆಡಿಸೋದಿಲ್ಲ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರುವ ಕೊನೆಗೌಡನಿಗೆ ಊರಿನಲ್ಲಿ ಹೆಸರಿತ್ತು, ಸುಗ್ಗಿಯಲ್ಲಿ ಅವನಿಗಾಗಿ ಎಲ್ಲರೂ ಕಾಯುತ್ತಿದ್ದರು. ಮರ ಹತ್ತೋದು ಕಸುಬು ಅಂತ ಎಲ್ಲರಿಗೂ ಗೊತ್ತಿತ್ತು.

ನಗರದಲ್ಲಿ ಈ ಲೆಕ್ಕಾಚಾರ ತಲೆಕೆಳಗು. ಹೋದ ವರ್ಷ ನಮ್ಮ ಬಡಾವಣೆಯಲ್ಲಿ ಪಾರ್ಕಿನ ಪಕ್ಕದ ಎರಡು ಮರಗಳ ಬಗ್ಗೆ ಜಗಳವೇ ಆಯಿತು. ಒಂದು ಮಳೆಮರ, ಒಂದು ಗುಲ್‌ಮೊಹರ್. ಎರಡನ್ನೂ ತೆಗೆಸಿ ಅಂತ ಅರ್ಧ ಜನ, ಒಂದೆಲೆಯನ್ನೂ ಮುಟ್ಟಬೇಡಿ ಅಂತ ಇನ್ನರ್ಧ. ಮರ ಕಡಿಯುವ ಮೇಸ್ತ್ರಿಯನ್ನು ಕರೆಸಿದರು. ಅರವತ್ತರ ಆಸುಪಾಸಿನ ಮನುಷ್ಯ. ನಾನು ಅವರನ್ನೇ ಕೇಳಿದೆ, "ಯಜಮಾನ್ರೇ, ನಿಮಗೇನನ್ಸುತ್ತೆ?" ಅವರು ನಕ್ಕರು. "ಸಾರ್, ನನ್ನನ್ನ ಯಾರೂ ಕೇಳಲ್ಲ. ಹದವಾಗಿ ಸವರೋಕೆ ಎರಡು ದಿನ ಬೇಕು, ಬೋಳಿಸೋಕೆ ಅರ್ಧ ದಿನ ಸಾಕು. ದುಡ್ಡು ಮಾತ್ರ ಎರಡಕ್ಕೂ ಅಷ್ಟೇ ಕೊಡ್ತಾರೆ. ಕಡಿದ ಸೌದೆ ಹೆಚ್ಚಾದಷ್ಟೂ ನಮಗೆ ಲಾಭ. ನೀವೇ ಹೇಳಿ, ನಾನು ಏನ್ ಮಾಡ್ಲಿ?"

ಬೆಂಗಳೂರಿನ ಬೋಳು ಮರಗಳ ಅರ್ಥಶಾಸ್ತ್ರ ಆ ಮೂರು ಮಾತಿನಲ್ಲಿತ್ತು. ಆಮೇಲೆ ಅವರೇ ಗುಲ್‌ಮೊಹರ್ ಬುಡಕ್ಕೆ ಕರೆದುಕೊಂಡು ಹೋಗಿ, ಕೊಡಲಿಯ ಹಿಂಬದಿಯಿಂದ ಕುಟ್ಟಿ ತೋರಿಸಿದರು. ಟೊಳ್ಳು ಸದ್ದು. ಬೇರಿನ ಪಕ್ಕ ತಟ್ಟೆಯಂಥ ಅಣಬೆ ಎದ್ದಿತ್ತು, ಅಂದರೆ ಕೊಳೆ ಒಳಗೆ ಬಹಳ ದೂರ ಹೋಗಿದೆ. ಆಟದ ಜಾಗದ ಪಕ್ಕ ಅಂಥ ಮರವನ್ನು ಉಳಿಸೋದು ಪರಿಸರಪ್ರೇಮ ಅಲ್ಲ. ಅರ್ಜಿ ಹೋಯಿತು, ವೃಕ್ಷಾಧಿಕಾರಿಯ ಕಡೆಯವರು ಬಂದು ನೋಡಿದರು, ಅನುಮತಿ ಬಂತು. ಮೇಲಿನಿಂದ ತುಂಡುತುಂಡಾಗಿ ಕತ್ತರಿಸಿ, ಹಗ್ಗದಲ್ಲಿ ಇಳಿಸಿ, ಆ ಮರವನ್ನು ತೆಗೆದರು. ಮಳೆಮರ ಗಟ್ಟಿಯಾಗಿತ್ತು. ಅದಕ್ಕೂ ಅನುಮತಿ ಪಡೆದು, ಒಣಕೊಂಬೆ ಮತ್ತು ಮನೆಯ ಮೇಲೆ ಚಾಚಿದ್ದ ಎರಡು ಕೊಂಬೆಗಳನ್ನು ಮಾತ್ರ ತೆಗೆಸಿದೆವು. ಮೊದಲು ಅಡಿಯಿಂದ ಒಂದು ಸಣ್ಣ ಕಚ್ಚು, ಆಮೇಲೆ ಸ್ವಲ್ಪ ಆಚೆ ಮೇಲಿನಿಂದ ಕೊಯ್ತ, ಭಾರ ಇಳಿದ ಮೇಲೆ ಉಬ್ಬಿನ ಅಂಚಿಗೆ ಕೊನೆಯ ಕೊಯ್ತ. ಹೀಗೆ ಮಾಡಿದರೆ ಕೊಂಬೆ ಬೀಳುವಾಗ ತೊಗಟೆ ಸೀಳೋದಿಲ್ಲ. ಇದನ್ನು ಯಾರೂ ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಎರಡು ದಿನದ ಕೂಲಿ ಕೊಡುತ್ತೇವೆ, ಸೌದೆಯ ಲೆಕ್ಕ ಬೇರೆ ಅಂತ ಹೇಳಬೇಕಾಯಿತು, ಅಷ್ಟೇ. ಸೊಂಟದ ಬೆಲ್ಟು, ಹೆಲ್ಮೆಟ್ಟು ನಾವೇ ತರಿಸಿಕೊಟ್ಟೆವು. ನಲವತ್ತು ವರ್ಷದ ಕಸುಬಿನಲ್ಲಿ ಹೆಲ್ಮೆಟ್ ಹಾಕಿದ್ದು ಇದೇ ಮೊದಲು ಅಂದರು.

ನಿಮ್ಮ ಬಡಾವಣೆಯಲ್ಲಿ ಸಂಘವಿದ್ದರೆ ಮೇ ತಿಂಗಳಿಗೆ ಮುಂಚೆ, ಅಂದರೆ ಮಳೆಗೆ ಮುಂಚೆ, ಒಂದು ಭಾನುವಾರ ಮರಗಳ ಬುಡ ನೋಡಿ ಬನ್ನಿ. ಅಣಬೆ, ಬಿರುಕು, ಹೊಸದಾಗಿ ವಾಲಿದ್ದು, ಬುಡಕ್ಕೆ ಒತ್ತಿದ ಸಿಮೆಂಟು. ಇಷ್ಟು ಗುರುತಿಸಲು ಯಾವ ಡಿಗ್ರಿಯೂ ಬೇಡ. ಏನು ಮಾಡಬೇಕು ಅನ್ನೋದನ್ನು ಮಾತ್ರ ಕಸುಬು ಬಲ್ಲವರನ್ನು ಕೇಳಿ. ಕೂಲಿಯನ್ನು ಲೋಡಿನ ಲೆಕ್ಕದಲ್ಲಲ್ಲ, ದಿನದ ಲೆಕ್ಕದಲ್ಲಿ ಮಾತಾಡಿ.

ಲಿಫ್ಟಿಗೆ, ಜನರೇಟರಿಗೆ ಇದ್ದ ಹಾಗೆ ಈಗ ನಮ್ಮಲ್ಲಿ ಮರಗಳಿಗೂ ಒಂದು ರಿಜಿಸ್ಟರ್ ಇದೆ. ಒಟ್ಟು 63 ಮರ. ಯಾವ ಮರ, ಯಾವ ದಿನ ಸವರಿದ್ದು, ಯಾವ ಕೊಂಬೆ, ಯಾಕೆ, ಅನುಮತಿಯ ನಂಬರು. ಕೊನೆಯ ಕಾಲಮ್ಮಿನಲ್ಲಿ ಮರ ಹತ್ತಿದವರ ಹೆಸರು. ಮೊದಲ ಎರಡು ಸಾಲಿನಲ್ಲಿ ಆ ಮೇಸ್ತ್ರಿಯ ಸಹಿ ಇದೆ.