ಅನಿಹಿಲೇಟ್ ಎಂಬ ಕ್ರಿಯಾಪದ

ಅಂಬೇಡ್ಕರರ ‘ಅನಿಹಿಲೇಷನ್ ಆಫ್ ಕಾಸ್ಟ್’ ಕನ್ನಡದಲ್ಲಿ ‘ಜಾತಿ ವಿನಾಶ’ವಾಗಿದೆ. ಸಭೆಗಳಲ್ಲಿ ನಾವು ‘ಜಾತಿ ನಿರ್ಮೂಲನೆ’ ಅಂತಲೂ ಅಂತೀವಿ. ಯಾವುದಾದರೇನು, ಅರ್ಥ ಒಂದೇ ಎಂದು ಮುಂದೆ ಹೋಗುತ್ತೇವೆ. ಒಂದೇ ಅಲ್ಲ ಎಂಬುದು ನನ್ನ ವಾದ. ಶಬ್ದದ ಮೂಲ ಹುಡುಕುವುದು ಪಂಡಿತರ ಚಟ ಎಂದು ಚಳವಳಿಯ ಗೆಳೆಯರು ಮೂಗು ಮುರಿಯಬಹುದು. ಆದರೆ 1936ರಲ್ಲಿ ಮಾತುಗಳ ಕಾರಣಕ್ಕೇ ಒಂದು ಸಮ್ಮೇಳನ ರದ್ದಾಯಿತು ಎಂಬುದನ್ನು ಮರೆಯಬಾರದು.

ಅದನ್ನು ಕರೆದದ್ದು ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ. ‘ತೋಡಕ್’ ಅಂದ್ರೆ ಮುರಿಯುವಂಥದ್ದು. ಜಾತಿ ಮುರಿಯೋಣ ಅಂದವರೇ, ಭಾಷಣದ ಪ್ರತಿ ಕೈಗೆ ಬಂದಾಗ ವೇದ-ಶಾಸ್ತ್ರಗಳ ಮಾತು ಕೈಬಿಡಿ ಅಂದರು. ಬಾಬಾಸಾಹೇಬರು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಆಡದೆ ಉಳಿದ ಆ ಭಾಷಣವನ್ನು ಅದೇ ಮೇ ತಿಂಗಳಲ್ಲಿ ಸ್ವಂತ ಖರ್ಚಿನಿಂದ 1500 ಪ್ರತಿ ಅಚ್ಚು ಹಾಕಿಸಿದರು.

ಮುರಿದದ್ದನ್ನು ಮತ್ತೆ ಜೋಡಿಸಬಹುದು. ಅನಿಹಿಲೇಟ್ ಆದದ್ದನ್ನು ಜೋಡಿಸಲಾಗದು. ಲ್ಯಾಟಿನ್ನಿನಲ್ಲಿ ‘ಆದ್’ ಎಂದರೆ ಕಡೆಗೆ, ‘ನಿಹಿಲ್’ ಎಂದರೆ ಏನೂ ಇಲ್ಲ. ಎರಡೂ ಕೂಡಿ ‘ಅನ್ನಿಹಿಲಾರೆ’, ಅಂದರೆ ಏನೂ ಇಲ್ಲದ ಸ್ಥಿತಿಗೆ ಒಯ್ಯುವುದು. ‘ನಿಹಿಲ್’ ಅನ್ನೂ ಒಡೆದು ನೋಡಿದರೆ ಅದರಲ್ಲಿ ‘ಹಿಲುಮ್’ ಐತಿ: ಲೆಕ್ಕಕ್ಕೇ ಬಾರದಷ್ಟು ಸಣ್ಣ ಚೂರು. ಕಾಳಿಗೆ ಅಂಟಿಕೊಂಡಿರುವ ಚೂರೇ ಹಿಲುಮ್ ಎಂದು ಹಳೆಯ ರೋಮನ್ ವಿದ್ವಾಂಸರು ಅರ್ಥ ಹೇಳಿದರು. ಇಂದಿನ ಸಸ್ಯಶಾಸ್ತ್ರದಲ್ಲಿ, ಕಾಳು ಕಾಯಿಗೆ ಅಂಟಿಕೊಂಡು ಬೆಳೆದ ಜಾಗದ ಕಲೆಗೆ ಇದೇ ಹೆಸರು. ಅಲಸಂದಿ ಕಾಳು ಕೈಯಲ್ಲಿ ಹಿಡಿದರೆ ಕಪ್ಪು ಕಣ್ಣಿನ ನಡುವೆ ಅದು ಕಾಣುತ್ತದೆ. ಅದು ಹುಟ್ಟಿನ ಗುರುತು. ಆ ಗುರುತೂ ಉಳಿಯದಂತೆ ಮಾಡು ಎಂದು ಈ ಕ್ರಿಯಾಪದವನ್ನು ನಾನು ಓದಿಕೊಳ್ಳುತ್ತೇನೆ. ಹುಟ್ಟಿನಿಂದಲೇ ಅಂಟುವ ಜಾತಿಗೆ ಇದಕ್ಕಿಂತ ತಕ್ಕ ಕ್ರಿಯಾಪದ ಯಾವುದಿದೆ?

ಇಂಗ್ಲಿಷಿನಲ್ಲಿ ಇದು ಯುದ್ಧದ ವರದಿಗಳ ಮಾತೂ ಹೌದು: ಶತ್ರುಸೈನ್ಯವನ್ನು ಅನಿಹಿಲೇಟ್ ಮಾಡಿದರು ಅಂತಾರೆ. ಅಲ್ಲಿ ಕರ್ಮಪದ ಮನುಷ್ಯರು. ಅಂಬೇಡ್ಕರರು ಆ ಜಾಗದಲ್ಲಿ ಜಾತಿಯನ್ನು ಕೂರಿಸಿದರು. ಜಾತಿ ಮನಸ್ಸಿನೊಳಗಿನ ಕಲ್ಪನೆ. ಅದಕ್ಕೆ ಬಲ ಕೊಡುವುದು ಶಾಸ್ತ್ರಗಳ ಪಾವಿತ್ರ್ಯ ಎಂಬುದು ಅವರ ನಿಲುವು. ಸಹಭೋಜನ ಸಾಲದು, ಅಂತರ್ಜಾತಿ ವಿವಾಹ ಬೇಕು, ಅದಕ್ಕೆ ಅಡ್ಡ ನಿಂತ ಶಾಸ್ತ್ರದ ಅಧಿಕಾರ ಹೋಗಬೇಕು ಎಂದರು. ಹಾಗಾಗಿ ಇದು ಯಾರ ಕೊಲೆಯ ಮಾತೂ ಅಲ್ಲ.

ನಮ್ಮ ‘ನಿರ್ಮೂಲನೆ’ಯಲ್ಲಿರುವುದು ಮೂಲ, ಅಂದರೆ ಬೇರು. ಗೊರೇಬಾಳದ ಕಡೆ ಕಸ ತೆಗೆಯುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರಿಕಿ ಮ್ಯಾಲಷ್ಟೇ ಕೊಯ್ದರೆ ಮತ್ತೆ ಚಿಗುರತೈತಿ. ಈ ಮಾತು ಒಳ್ಳೆಯದೇ, ಅದು ಕೆಲಸದ ದಾರಿ ತೋರಿಸುತ್ತದೆ. ಆದರೆ ಕೆಲಸ ಮುಗಿಯಿತೋ ಇಲ್ಲವೋ ಎಂದು ಅಳೆಯುವ ಅಳತೆ ‘ಅನಿಹಿಲೇಟ್’ನಲ್ಲಿದೆ.

ಈ ಅಳತೆ ನಮಗೆ ಬೇಕು. 1950ರಲ್ಲಿ ಜಾರಿಯಾದ ಸಂವಿಧಾನದ 17ನೇ ವಿಧಿ ರದ್ದುಗೊಳಿಸಿದ್ದು ಅಸ್ಪೃಶ್ಯತೆಯನ್ನು, ಜಾತಿಯನ್ನಲ್ಲ. ನಮ್ಮ ಸೀಮೆಗೆ ತುಂಗಭದ್ರೆಯ ಎಡದಂಡೆ ಕಾಲುವೆ ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಕೇರಿ ಕೇರಿಯಾಗೇ ಉಳಿಯಿತು. ಹೋಟೆಲಿನಲ್ಲಿ ಒಂದೇ ಲೋಟ ಸಿಕ್ಕಮೇಲೂ ಮದುವೆ ಮಾತು ಬಂದಾಗ ಕುಲ ಕೇಳುತ್ತಾರೆ. ಜಾತಿ ಎಲ್ಲೈತ್ರಿ ಈಗ ಎನ್ನುವವರಿಗೆ ಕೇಳೋಣ: ಕಾಳಿನ ಕಲೆ ಹೋಗಿದೆಯೆ?