ಜಾತ್ರೆಯ ಅರಮನೆ, ಗಾಜಿನ ಹಿಮಾಲಯ: ಪರದೆ ಬರೆದವರು ಯಾರು?

ಇವತ್ತಿನ ಎಪಿಸೋಡ್ ಒಂದು ಸುಳ್ಳಿನ ಇತಿಹಾಸ. ಕಣ್ಣಿಗೆ ಖುಷಿ ಕೊಡೋ ಸುಳ್ಳು.

‘ಬಾಹುಬಲಿ’ಯ ಮಾಹಿಷ್ಮತಿ ನೆನಪಿದೆಯಲ್ಲ? ಅದರಲ್ಲಿ ಕಟ್ಟಿದ ಸೆಟ್ ಸ್ವಲ್ಪ. ಅದರಾಚೆಗಿನ ನಗರವನ್ನು ಕಂಪ್ಯೂಟರಿನಲ್ಲಿ ಮಾಡಿ ಜೋಡಿಸಿದ್ದಾರೆ. ಹೀಗೆ ಬಿಡಿಸಿದ ಚಿತ್ರವನ್ನು ನಿಜವಾದ ಶಾಟ್‌ಗೆ ಸೇರಿಸೋದಕ್ಕೆ ಮ್ಯಾಟ್ ಪೇಂಟಿಂಗ್ ಅಂತಾರೆ.

ಇದು ಶುರುವಾಗಿದ್ದು ಗಾಜಿನಿಂದ. 1907ರಲ್ಲಿ ಅಮೆರಿಕದ ನಾರ್ಮನ್ ಡಾನ್ ಕ್ಯಾಮೆರಾ ಮುಂದೆ ಒಂದು ಗಾಜು ನಿಲ್ಲಿಸಿದ. ಎದುರಿಗಿದ್ದ ಹಳೇ ಕಟ್ಟಡದ ಬಿದ್ದುಹೋದ ಭಾಗವನ್ನಷ್ಟೇ ಗಾಜಿನ ಮೇಲೆ ಬರೆದ, ಉಳಿದದ್ದನ್ನು ಖಾಲಿ ಬಿಟ್ಟ. ಲೆನ್ಸಿನಲ್ಲಿ ನೋಡಿದರೆ ಕಟ್ಟಡ ಇಡಿಯಾಗಿ ನಿಂತಿದೆ! 1947ರ ‘ಬ್ಲ್ಯಾಕ್ ನಾರ್ಸಿಸಸ್’ ಹಿಮಾಲಯದ ಕಥೆ. ಆದರೆ ಚಿತ್ರೀಕರಣ ನಡೆದದ್ದು ಇಂಗ್ಲೆಂಡಿನಲ್ಲಿ. ಪರ್ಸಿ ಡೇ ಅನ್ನೋ ಕಲಾವಿದ ಆ ಕಣಿವೆಗಳನ್ನು ಕುಂಚದಲ್ಲೇ ಸೃಷ್ಟಿಸಿದ.

ಈಗ ನಮ್ಮ ಕಡೆ ಬರೋಣ. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಜಾತ್ರೆ ಅಂದ್ರೆ ನಾಟಕ, ನಾಟಕ ಅಂದ್ರೆ ಬಾಡಿಗೆಗೆ ತಂದ ಸೀನರಿ. ಅರಮನೆ ಪರದೆ, ಕಾಡಿನ ಪರದೆ, ಬೀದಿ ಪರದೆ. ಹತ್ತಡಿ ರಂಗದ ಹಿಂದೆ ನೂರಡಿ ಉದ್ದದ ಅರಮನೆ ಕಾಣಬೇಕು. ಹಂಗಾಗಿ ಕಂಬಗಳು ಹಿಂದೆ ಹೋದಂತೆ ಸಣ್ಣದಾಗ್ತವೆ, ನೆಲದ ಗೆರೆಗಳು ಒಂದೇ ಬಿಂದುವಿಗೆ ಓಡ್ತವೆ. ಡಾನ್ ಗಾಜಿನ ಮೇಲೆ ಹಾಕಿದ ಲೆಕ್ಕವೇ ಇದು. ಒಂದೇ ವ್ಯತ್ಯಾಸ ನೋಡ್ರಿ: ಕ್ಯಾಮೆರಾಕ್ಕೆ ಇರೋದು ಒಂದೇ ಕಣ್ಣು, ಜಾತ್ರೆಗೆ ಸಾವಿರಾರು. ಬದಿಯಲ್ಲಿ ಕೂತವರಿಗೆ ಅರಮನೆ ಸೊಟ್ಟಗೆ ಕಾಣುತ್ತೆ, ಗಾಳಿ ಬೀಸಿದರೆ ಅಲುಗಾಡುತ್ತೆ. ಆದರೂ ಜನ ಒಪ್ಪಿಕೊಂಡು ನೋಡ್ತಾರೆ.

ಪರದೆಯಿಂದ ಸಿನಿಮಾಕ್ಕೆ ಹೋದ ದಾರಿಯೂ ನಮಗೆ ದೂರದ್ದಲ್ಲ. ಆಳಂದ, ಅಫಜಲಪುರದ ಗಡಿ ದಾಟಿದರೆ ಸೊಲ್ಲಾಪುರ ಜಿಲ್ಲೆ, ಇನ್ನೂ ಮುಂದೆ ಕೊಲ್ಹಾಪುರ. ಅಲ್ಲಿನ ಬಾಬುರಾವ್ ಮೇಸ್ತ್ರಿ ಮತ್ತು ಆನಂದರಾವ್ ಮರಾಠಿ ಸಂಗೀತ ನಾಟಕಗಳಿಗೆ ಪರದೆ ಬರೆದು ಹೆಸರಾದವರು. 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ತಾವೇ ಕ್ಯಾಮೆರಾ ಕಟ್ಟಿ, ಮಹಾರಾಷ್ಟ್ರ ಫಿಲ್ಮ್ ಕಂಪನಿ ಶುರು ಮಾಡಿ, 1920ರಲ್ಲಿ ‘ಸೈರಂಧ್ರಿ’ ತೆರೆಗೆ ತಂದರು. ಚರಿತ್ರೆಯಲ್ಲಿ ಅವರ ಹೆಸರೇ ಬಾಬುರಾವ್ ಪೇಂಟರ್. 1934ರಲ್ಲಿ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಚಿತ್ರೀಕರಣವಾದದ್ದೂ ಅದೇ ಕೊಲ್ಹಾಪುರದಲ್ಲಿ.

ನಮ್ಮವರೂ ಒಬ್ಬರಿದ್ದಾರೆ. 1916ರಲ್ಲಿ ಗುಲ್ಬರ್ಗಾದಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್. ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟ, ದೇವರ ಕ್ಯಾಲೆಂಡರ್ ಬರೆದವರು. ಕಲಬುರಗಿಯ ರಂಗಮಂದಿರಕ್ಕೆ ಇವತ್ತು ಅವರದೇ ಹೆಸರು. ನಾಟಕದ ಮನೆಗೆ ಚಿತ್ರಕಾರನ ಹೆಸರು. ನನಗಂತೂ ಇದು ಬಹಳ ಸರಿ ಅನ್ಸುತ್ತೆ.

ಆದರೆ ಪಂಡಿತರ ಹೆಸರು ಉಳಿದದ್ದಕ್ಕೆ ಪ್ರಿಂಟ್ ಕೂಡ ಒಂದು ಕಾರಣ. ಅವರ ಚಿತ್ರ ಮನೆಮನೆಯ ಗೋಡೆಗೆ ಹೋಯ್ತು. ಜಾತ್ರೆಯ ಪರದೆ ಇರೋದು ಒಂದೇ ಪ್ರತಿ. ಮಡಚಿ, ಬಿಚ್ಚಿ, ಮಳೆಗೆ ನೆನೆದು, ಬಣ್ಣ ಉದುರಿದ ಮೇಲೆ ಅದರ ಜಾಗಕ್ಕೆ ಫ್ಲೆಕ್ಸ್ ಬರುತ್ತೆ. ಹಾಲಿವುಡ್‌ನಲ್ಲೂ ಕಥೆ ಬೇರೆಯಲ್ಲ. ಎಷ್ಟೋ ಮ್ಯಾಟ್ ಪೇಂಟರ್‌ಗಳ ಹೆಸರು ಟೈಟಲ್ ಕಾರ್ಡಿನಲ್ಲಿ ಬರಲೇ ಇಲ್ಲ, ಎಷ್ಟೋ ಚಿತ್ರಗಳ ಮೇಲೆ ಇನ್ನೊಂದು ಚಿತ್ರ ಬರೆದರು. ಕೆಲಸ ಚೆನ್ನಾಗಿದ್ದಷ್ಟೂ ಅದು ಚಿತ್ರ ಅಂತಲೇ ಯಾರಿಗೂ ಗೊತ್ತಾಗ್ತಿರಲಿಲ್ಲ!

ಆದರೆ ಸಿನಿಮಾದ ಆ ಶಾಟ್ ರೀಲಿನಲ್ಲಾದರೂ ಉಳಿಯಿತು. ನಮ್ಮ ಪರದೆಗೆ ಆ ಅದೃಷ್ಟವೂ ಇಲ್ಲ. ಅದಕ್ಕೇ ಒಂದು ಕೆಲಸ ಮಾಡಿ. ಮುಂದಿನ ಜಾತ್ರೆಯಲ್ಲಿ ನಾಟಕ ಶುರುವಾಗೋ ಮೊದಲು ಪರದೆ ಹತ್ರ ಹೋಗಿ. ಮೂಲೆಯಲ್ಲಿ ಪೇಂಟರ್ ಹೆಸರಿದೆಯಾ ನೋಡಿ. ಇಲ್ಲದಿದ್ದರೆ ಸೀನರಿಯವರನ್ನು ಕೇಳಿ. ಇಡೀ ಪರದೆಯ ಒಂದು ಫೋಟೋ ತೆಗೆದು, ಆ ಹೆಸರು, ಊರು, ವರ್ಷ ಜೊತೆಗೆ ಬರೆದಿಡಿ. ಮೊಬೈಲ್ ಹೇಗೂ ಕೈಯಲ್ಲೇ ಇರುತ್ತಲ್ಲ.

ಮುಂದಿನ ವಾರ ಸಿಗೋಣ.